ನೀವು ಮೊದಲು ಹೋಗಿ

ಪಕ್ಕದ ಮನೆಯ ತಾತನ ಸೌಜನ್ಯದ ದೆಸೆಯಿಂದ ನನ್ನ ಹಣೆ, ಕಿವಿ, ಕುತ್ತಿಗೆಯೆಲ್ಲ ದದ್ದೆದ್ದು ಉರಿಯುತ್ತಿದೆ.

ಸ್ಕಾಟ್ಲೆಂಡಿನ ಸ್ಕೈ ದ್ವೀಪದ ಸ್ಟಾಫಿನ್ ನಾವಿರುವ ಹಳ್ಳಿ. ನೋಡಲು ಬರುವವರಿಗೆ ಕಡಲ ದಂಡೆಯಲ್ಲಿ ಡೈನೋಸಾರ್ ಹೆಜ್ಜೆಗುರುತು, ಹಿಂದುಗಡೆ ಕ್ವಿರೇಂಗ್ ಬೆಟ್ಟ. ನಮ್ಮ ಪಾಲಿಗೆ ಆ ಬೆಟ್ಟ ಹತ್ತಿಳಿದು ಊಯಿಗ್ ಸೇರುವ, ಒಂದೇ ಕಾರು ಹಿಡಿಸುವ ರಸ್ತೆ. ನಾರ್ತ್ ಯೂಯಿಸ್ಟ್ ದ್ವೀಪದ ಲಾಕ್‌ಮ್ಯಾಡಿಗೆ ಹಡಗು ಹೊರಡುವುದು ಊಯಿಗ್‌ನಿಂದಲೇ. ಎದುರು ಗಾಡಿ ಬಂದರೆ ಸರಿದು ನಿಲ್ಲಲು ಅಲ್ಲಲ್ಲಿ ಪಾಸಿಂಗ್ ಪ್ಲೇಸ್‌ಗಳಿವೆ. ಎಡಕ್ಕಿದ್ದರೆ ಒಳಗೆ ಸರಿಯಬೇಕು, ಬಲಕ್ಕಿದ್ದರೆ ಅದರ ಎದುರೇ ಕಾಯಬೇಕು. ದಾಟುವಾಗ ಕೈ ಎತ್ತಲೇಬೇಕು, ಎತ್ತದವನು ಪ್ರವಾಸಿ.

ತಾತ ಅರ್ಧ ಮೈಲಿ ದೂರದಲ್ಲಿ ಕಾರು ಕಂಡರೂ ಸರಿದು ನಿಂತು ಲೈಟ್ ಮಿಣುಕಿಸುತ್ತಾರೆ. ಇವತ್ತು ಹಡಗು ಹಿಡಿಯಲು ಹೊರಟಾಗ ಎದುರಾದರು. ಅಷ್ಟರಲ್ಲಿ ನಾನೂ ಸರಿದು ಮಿಣುಕಿಸಿಯಾಗಿತ್ತು. ಅವರು ಕದಲಲಿಲ್ಲ. ನಾನು ಹೊರಟೆ, ಅವರೂ ಹೊರಟರು. ಇಬ್ಬರೂ ಬ್ರೇಕ್, ಇಬ್ಬರೂ ರಿವರ್ಸ್. ನಡುವೆ ಒಂದು ಕುರಿ ಬಂದು ಆರಾಮಾಗಿ ಮಲಗಿತು.

ಅಂತೂ ಪಕ್ಕಪಕ್ಕ ಬಂದಾಗ ತಾತ ಗಾಜು ಇಳಿಸಿದರು. ಅವರು ಇಳಿಸಿದ ಮೇಲೆ ನಾನು ಇಳಿಸದಿರಲಾದೀತೆ? ಮಳೆ ಆಗಷ್ಟೇ ನಿಂತು ಗಾಳಿಯ ಸುಳಿವೇ ಇರಲಿಲ್ಲ. ಮಿಡ್ಜ್ ಎಂಬ ನೊರಜಿಗೆ ಇದಕ್ಕಿಂತ ಒಳ್ಳೆಯ ಮುಹೂರ್ತವಿಲ್ಲ. ಕಚ್ಚುವುದು ಹೆಣ್ಣು ನೊರಜು ಮಾತ್ರ, ನಮ್ಮ ಉಸಿರಿನ ಜಾಡು ಹಿಡಿದೇ ಬರುತ್ತದಂತೆ. ಊರಿನ ಹೆಣ್ಣು ನೊರಜುಗಳೆಲ್ಲ ಬಂದವು. ತಾತ ಕುರಿಯ ಉಣ್ಣೆ ಕತ್ತರಿಸುವ ಕೆಲಸ, ನಾಳೆಯ ಹವೆ, ಯಾರದೋ ಮೊಣಕಾಲು ಎನ್ನುತ್ತ ಸಾಗಿದರು. ಅವರನ್ನು ಒಂದೂ ಮುಟ್ಟಲಿಲ್ಲ! ನಾನು ಎರಡೂ ಕೈಯಲ್ಲಿ ಮುಖದ ಮುಂದೆ ಬೀಸತೊಡಗಿದೆ. ಹಿಂದೆ ಕಾಯುತ್ತಿದ್ದ ಕ್ಯಾಂಪರ್‌ವ್ಯಾನಿನವರು ಇಲ್ಲಿಯ ಪದ್ಧತಿ ಓದಿಕೊಂಡೇ ಬಂದಿದ್ದರೇನೋ, ಸಂಭ್ರಮದಿಂದ ಕೈ ಬೀಸಿದರು. ಅವರ ಹಿಂದಿನವರೂ ಬೀಸಿದರು. ನಾನು ಕೆನ್ನೆಗೆ ಹೊಡೆದುಕೊಂಡೆ. ಅದನ್ನೇಕೋ ಯಾರೂ ಅನುಸರಿಸಲಿಲ್ಲ.

ತೀರ್ಥಹಳ್ಳಿ ಕಡೆಯ ನಮ್ಮೂರ ದಾರಿಯಲ್ಲಿ ಅಪ್ಪನೂ ಹೀಗೇ. ಎದುರು ಯಾರು ಸಿಕ್ಕರೂ ಸ್ಕೂಟರ್ ನಿಲ್ಲಿಸಿ, ಅಡಿಕೆಯ ಕೊಳೆ ರೋಗದಿಂದ ಶುರುಮಾಡಿ ಮದುವೆ ಮಾತುಕತೆಯವರೆಗೆ ಹೋಗುತ್ತಿದ್ದರು. ಹಿಂದೆ ಕೂತ ನನ್ನ ಕಾಲಿಗೆ ಉಂಬಳ ಹತ್ತುತ್ತಿತ್ತು. “ಹೋಗೋಣ ಅಪ್ಪಾ” ಎಂದು ಅಂಗಿ ಜಗ್ಗುತ್ತಿದ್ದೆ. ಈಗ ಜಗ್ಗೋಣವೆಂದರೆ ಅಂಗಿಯೂ ಇಲ್ಲ, ಅಪ್ಪನೂ ಇಲ್ಲ.

ಊಯಿಗ್ ತಲುಪುವಷ್ಟರಲ್ಲಿ ಹಡಗು ಕಡಲಲ್ಲಿತ್ತು.

ಸಂಜೆ ತಾತ ಬಾಗಿಲು ತಟ್ಟಿದರು. “ಹಡಗು ತಪ್ಪಿತಂತೆ! ಈ ಪ್ರವಾಸಿಗಳು ರಸ್ತೆ ಮಧ್ಯೆ ನಿಂತುಬಿಡ್ತಾರೆ ನೋಡು,” ಎಂದು ಮರುಗುತ್ತ ಹೊಸ್ತಿಲ ಮೇಲೇ ನಿಂತರು, ಬಾಗಿಲು ಹಾಕಲು ಬಿಡದೆ.