ತಲೆಯೆಣಿಕೆ

ಗುಂಪಿನ ಫೋಟೋ ಕಂಡರೆ ತಲೆ ಎಣಿಸುವುದು ನನ್ನ ಹಳೆಯ ಚಟ. ಮದುವೆಯ ಆಲ್ಬಮ್ ಆಗಲಿ, ಏಳನೇ ತರಗತಿಯ ಫೋಟೋ ಆಗಲಿ, ಮೊದಲು ಲೆಕ್ಕ, ಆಮೇಲೆ ಮುಖ. ಎಣಿಸುತ್ತ ಹೋದ ಬೆರಳು ಯಾವಾಗಲೂ ಅಂಚಿನಲ್ಲಿ ನಿಂತವನ ಮೇಲೆ ಹೋಗಿ ನಿಲ್ಲುತ್ತದೆ. ಅರ್ಧ ಭುಜ ಚೌಕಟ್ಟಿನಾಚೆ ಬಿಟ್ಟು, ಕಣ್ಣು ಬೇರೆಲ್ಲೋ ನೆಟ್ಟು, ಫೋಟೋಗ್ರಾಫರ್ ಕರೆದನೆಂದು ಬಂದೆ ಎನ್ನುವ ಹಾಗೆ ನಿಂತಿರುತ್ತಾನಲ್ಲ, ಅವನ ಮೇಲೆ.

ನಮ್ಮ ಮನೆಗೆ ಕೇಬಲ್ ಟಿ.ವಿ. ಬಂದ ಹೊಸತರಲ್ಲಿ ಅಕ್ಕನ ಬೀರುವಿನ ಬಾಗಿಲಿನ ಒಳಬದಿಗೆ, ಅಪ್ಪನ ಕಣ್ಣಿಗೆ ಸುಲಭಕ್ಕೆ ಬೀಳದ ಜಾಗದಲ್ಲಿ, ಐವರು ಇಂಗ್ಲಿಷ್ ಹುಡುಗರ ಚಿತ್ರ ಅಂಟಿಕೊಂಡಿತು. ಮ್ಯಾಂಚೆಸ್ಟರಿನ ‘ಟೇಕ್ ದಟ್’ ತಂಡ. ಅಕ್ಕನ ಪ್ರೀತಿ ಪೂರ್ತಿ ಮಾರ್ಕ್ ಓವನ್‌ಗೆ ಮೀಸಲು. ಐವರಲ್ಲಿ ಅವನೇ ಕುಳ್ಳ, ನಕ್ಕರೆ ಹಾಲುಗಲ್ಲದವನ ಹಾಗೆ ಕಾಣುತ್ತಿದ್ದ. ನನ್ನ ಬೆರಳು ಎಂದಿನಂತೆ ಅಂಚಿಗೆ ಹೋಗಿ, “ಇವನು ಯಾರು?” ಎಂದು ಕೇಳಿತು.

“ಅವನೇ? ಅವನು ಬರೀ ಕುಣಿಯುವವನು,” ಎಂದು ಬೀರು ಮುಚ್ಚಿದಳು ಅಕ್ಕ.

ಆ ಬರೀ ಕುಣಿಯುವವನ ಹೆಸರು ಜೇಸನ್ ಆರೆಂಜ್. ಅಂದಿನಿಂದ ಈ ತಂಡದ ಲೆಕ್ಕ ಇಡುವ ಕೆಲಸ, ಯಾರೂ ಕೇಳಿಕೊಳ್ಳದಿದ್ದರೂ, ನನ್ನದಾಗಿದೆ.

ಬ್ಯಾಂಡ್ ಎಂದರೆ ನಮ್ಮ ಕಡೆ ಮದುವೆ ಮೆರವಣಿಗೆಯ ಮುಂದೆ ಕಹಳೆ ಊದಿ ಡ್ರಮ್ಮು ಬಾರಿಸುವವರು. ಬಾಯ್ ಬ್ಯಾಂಡಿನ ವಿಶೇಷವೆಂದರೆ ಅಲ್ಲಿ ವಾದ್ಯಕ್ಕೆ ಕೆಲಸವೇ ಕಡಿಮೆ. ನಾಲ್ಕೈದು ಹುಡುಗರು ಬೇಕು, ನೋಡಲು ಒಬ್ಬೊಬ್ಬರೂ ಒಂದೊಂದು ಬಗೆ ಇರಬೇಕು, ಹೆಜ್ಜೆ ಕೂಡಬೇಕು. ಅಮೆರಿಕದಲ್ಲಿ ‘ನ್ಯೂ ಕಿಡ್ಸ್ ಆನ್ ದ ಬ್ಲಾಕ್’ ಎಂಬ ತಂಡ ಹುಡುಗಿಯರನ್ನು ಹುಚ್ಚೆಬ್ಬಿಸುತ್ತಿದ್ದ ಕಾಲ. ಅಂಥದೊಂದು ನಮ್ಮಲ್ಲೂ ಇರಲಿ ಎಂದು ಮ್ಯಾಂಚೆಸ್ಟರಿನ ನೈಜೆಲ್ ಮಾರ್ಟಿನ್-ಸ್ಮಿತ್ 1990ರಲ್ಲಿ ಹುಡುಗರನ್ನು ಕೂಡಿಹಾಕಿದರು. ಮೊದಲು ಸಿಕ್ಕವನು ಗ್ಯಾರಿ ಬಾರ್ಲೋ. ಮೀಸೆ ಮೂಡುವ ಮೊದಲೇ ಕಾರ್ಮಿಕರ ಕ್ಲಬ್ಬುಗಳಲ್ಲಿ ಆರ್ಗನ್ ನುಡಿಸಿ ಕಾಸು ಕಂಡಿದ್ದವನು, ಹಾಡು ಕಟ್ಟಬಲ್ಲವನು. ಉಳಿದವರ ಸಂಗೀತದ ಬಂಡವಾಳ ಅಷ್ಟಕ್ಕಷ್ಟೆ. ಮಾರ್ಕ್ ಬ್ಯಾಂಕಿನಲ್ಲಿದ್ದ. ಹೊವಾರ್ಡ್ ಡೊನಾಲ್ಡ್ ವಾಹನಗಳಿಗೆ ಬಣ್ಣ ಹೊಡೆಯುತ್ತಿದ್ದ, ಜೇಸನ್ ಮನೆಗಳಿಗೆ. ಇಬ್ಬರೂ ಬ್ರೇಕ್ ಡಾನ್ಸಿನಲ್ಲಿ ಪಳಗಿದವರು. ಸ್ಟೋಕ್ ಊರಿನ ರಾಬಿ ವಿಲಿಯಮ್ಸ್ ಎಲ್ಲರಿಗಿಂತ ಕಿರಿಯ, ಇನ್ನೂ ಹದಿನಾರರ ಹುಡುಗ, ಒಂದು ಕ್ಷಣ ಸುಮ್ಮನಿರಲಾರದವನು.

ತಂಡದ ಹೆಸರಿನ ಮೇಲೆ ನನಗೆ ವಿಶೇಷ ಮಮತೆ. ಕನ್ನಡದಲ್ಲಿ ಹೇಳುವುದಾದರೆ ಅದು ‘ತಗೋ!’ ಎಂದಷ್ಟೇ. ಹೋಳಿಗೆಯ ಮೇಲೆ ತುಪ್ಪ ಸುರಿಯುವಾಗ ಅಜ್ಜಿ ಹೇಳುವುದೂ ಅದನ್ನೇ, ಬೆನ್ನಿಗೆ ಗುದ್ದುವಾಗ ಪಕ್ಕದ ಬೆಂಚಿನವನು ಹೇಳುತ್ತಿದ್ದುದೂ ಅದನ್ನೇ. ಮುಂದಿನ ಮೂವತ್ತು ವರ್ಷ ಈ ಹುಡುಗರಿಗೆ ಎರಡೂ ಬಗೆಯ ‘ತಗೋ’ಗಳು ಧಾರಾಳವಾಗಿಯೇ ಸಿಕ್ಕವು.

ಮೊದಲು ಸಿಕ್ಕಿದ್ದು ಗುದ್ದು. 1991ರ ಮೊದಲ ಹಾಡಿನ ವಿಡಿಯೊದಲ್ಲಿ ಮೈಗೆಲ್ಲ ಜೆಲ್ಲಿ ಮೆತ್ತಿಕೊಂಡು ಹೊರಳಾಡಿದರೂ ಅದು ಬ್ರಿಟನ್ನಿನ ಹಾಡುಗಳ ಮಾರಾಟದ ಪಟ್ಟಿಯಲ್ಲಿ 82ನೇ ಸ್ಥಾನಕ್ಕೇ ಸುಸ್ತಾಯಿತು. ಹಗಲು ಶಾಲೆಗಳಲ್ಲಿ, ರಾತ್ರಿ ಕ್ಲಬ್ಬುಗಳಲ್ಲಿ ಕುಣಿಯುತ್ತ ತಿರುಗಿದರು. 1993ರಲ್ಲಿ ‘ಪ್ರೇ’ ಹಾಡು ಮೊದಲ ಸ್ಥಾನಕ್ಕೆ ಏರಿತು ನೋಡಿ, ಆಮೇಲೆ ಆ ಸ್ಥಾನ ಅವರ ಸ್ವಂತ ಮನೆಯಂತಾಯಿತು. ಚದುರುವ ಹೊತ್ತಿಗೆ ಎಂಟು ಹಾಡುಗಳು ಅಲ್ಲಿ ಕೂತೆದ್ದಿದ್ದವು. 1995ರ ‘ಬ್ಯಾಕ್ ಫಾರ್ ಗುಡ್’ ಅಟ್ಲಾಂಟಿಕ್ ದಾಟಿ ಅಮೆರಿಕದಲ್ಲೂ 7ನೇ ಸ್ಥಾನ ಹಿಡಿಯಿತು. ಕಪ್ಪು-ಬಿಳುಪು ಚಿತ್ರ, ಸುರಿಯುವ ಮಳೆ, ಅದರಲ್ಲಿ ನೆನೆಯುತ್ತ ಕ್ಷಮೆ ಕೇಳುವ ಹುಡುಗರು. ಮಳೆಯಲ್ಲಿ ನೆಂದರೆ ಥಂಡಿಯಾಗುತ್ತದೆ ಎಂದು ಅಮ್ಮ ಮರುಗಿದ್ದು ಆ ವಿಡಿಯೊ ನೋಡಿಯೇ.

ಹಾಡು ಬರೆಯುವವನು ಗ್ಯಾರಿ, ಹಾಡುವವನೂ ಬಹುಪಾಲು ಗ್ಯಾರಿ. ಯಕ್ಷಗಾನದಲ್ಲಿ ಹಾಡುವ ಭಾಗವತರು ಹಿಂದೆ ಕೂತು, ಕುಣಿಯುವವರು ಮುಂದೆ ಮೆರೆಯುತ್ತಾರೆ. ಇಲ್ಲಿ ತಿರುಗುಮುರುಗು: ಭಾಗವತನೇ ಮುಂದೆ, ಕುಣಿಯುವ ವೇಷಗಳು ಬೆನ್ನಿಗೆ. ಕುಣಿತದಲ್ಲಿ ಅಷ್ಟೇನೂ ಹದವಿಲ್ಲದ ಗ್ಯಾರಿಯ ಎಡಬಲದಲ್ಲಿ ಜೇಸನ್ ಮತ್ತು ಹೊವಾರ್ಡ್ ಲಾಗ ಹಾಕಿ, ತಲೆ ಕೆಳಗಾಗಿ ತಿರುಗಿ, ಬೆವರೆಲ್ಲ ತಾವೇ ಸುರಿಸಿ, ಹಾಡು ಮುಗಿದಾಗ ಮತ್ತೆ ಅಂಚಿಗೆ ಬಂದು ನಿಲ್ಲುತ್ತಿದ್ದರು.

ಅದಕ್ಕೇ ನನಗೆ ‘ನೆವರ್ ಫರ್ಗೆಟ್’ ಎಂದರೆ ಅಚ್ಚುಮೆಚ್ಚು. ಬರೆದವನು ಗ್ಯಾರಿಯೇ ಆದರೂ ಮುಖ್ಯ ದನಿ ಹೊವಾರ್ಡ್‌ನದು. ವಾಹನಕ್ಕೆ ಬಣ್ಣ ಹೊಡೆಯುತ್ತಿದ್ದವನ ದೊರಗು ಕಂಠ. ಹಾಡು ಪಲ್ಲವಿಗೆ ಬಂದಾಗ ಜನ ಎರಡೂ ಕೈಗಳನ್ನು ತಲೆಯ ಮೇಲೆತ್ತಿ ಚಪ್ಪಾಳೆ ತಟ್ಟುತ್ತಾರೆ. ಮೊದಲ ಸಾಲಿನವರು ಯಾರು, ಕೊನೆಯ ಸಾಲಿನವರು ಯಾರು ಎಂದು ಆಗ ಹೇಳಲು ಬರುವುದಿಲ್ಲ. ಕ್ರೀಡಾಂಗಣದ ತುಂಬ ಅಂಗೈಗಳಷ್ಟೇ ಕಾಣುತ್ತವೆ. ಆ ಹಾಡು 1995ರ ಬೇಸಿಗೆಯಲ್ಲಿ ಮೊದಲ ಸ್ಥಾನಕ್ಕೆ ಬಂದಾಗ ತಂಡದಲ್ಲಿ ಐವರಿರಲಿಲ್ಲ. ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಒಯಾಸಿಸ್ ತಂಡದವರ ಜೊತೆ ಸೇರಿ ಕುಣಿದು ಬಂದಿದ್ದ ರಾಬಿ, ಜುಲೈನಲ್ಲಿ ಹೊರಬಿದ್ದಿದ್ದ. ಆದರೂ ವಿಡಿಯೊದಲ್ಲಿ ಅವನಿದ್ದಾನೆ, ಬಾಲ್ಯದ ಫೋಟೋಗಳ ಸಮೇತ. ಮನೆ ಬಿಟ್ಟವನ ಚಿತ್ರ ಹಜಾರದ ಗೋಡೆಯಿಂದ ಇಳಿಸಲು ಇನ್ನೂ ಯಾರಿಗೂ ಪುರಸೊತ್ತಾಗಿರಲಿಲ್ಲ.

ನಾಲ್ಕು ಎಂಬುದು ಹೆಚ್ಚು ದಿನ ನಿಲ್ಲಲಿಲ್ಲ. 1996ರ ಫೆಬ್ರುವರಿ 13ರಂದು, ಸರಿಯಾಗಿ ರಾಬಿಯ ಹುಟ್ಟಿದ ದಿನ, ಉಳಿದವರು ತಂಡ ಮುಗಿಯಿತೆಂದು ಸಾರಿದರು. ಅಲ್ಲಿ ಅತ್ತು ಕಂಗೆಟ್ಟ ಹುಡುಗಿಯರನ್ನು ಸಂತೈಸಲು ಫೋನ್ ಸಹಾಯವಾಣಿಗಳನ್ನೇ ತೆರೆಯಬೇಕಾಯಿತು. ನಮ್ಮ ಮನೆಯಲ್ಲಿ ಸಹಾಯವಾಣಿಯ ಕೆಲಸವನ್ನು ಅಮ್ಮ ಮಾಡಿದಳು: “ಪರೀಕ್ಷೆ ಹತ್ತಿರ ಬಂತು, ಎದ್ದು ಮುಖ ತೊಳೆ.”

ಆಮೇಲಿನ ಹತ್ತು ವರ್ಷ ನನ್ನ ಲೆಕ್ಕದ ಪುಸ್ತಕದಲ್ಲಿ ಸೊನ್ನೆ. ಗ್ಯಾರಿಯೇ ಬೆಳಗುತ್ತಾನೆಂದು ಪಂಡಿತರೆಲ್ಲ ಭವಿಷ್ಯ ನುಡಿದಿದ್ದರು. ಬೆಳಗಿದ್ದು ರಾಬಿ. 2003ರಲ್ಲಿ ನೆಬ್‌ವರ್ತ್‌ನಲ್ಲಿ ಮೂರು ರಾತ್ರಿ ಹಾಡಿದಾಗ ಸೇರಿದ ಜನ 3,75,000. ಗ್ಯಾರಿಯ ಎರಡನೇ ಆಲ್ಬಮ್ ನೆಲಕಚ್ಚಿತು, ಕಂಪನಿ ಕೈಬಿಟ್ಟಿತು, ಅವನು ಮನೆಯೊಳಗೆ ಸೇರಿ ತಿಂದು ತಿಂದು ನೂರು ಕಿಲೋ ದಾಟಿದ. ಇದನ್ನು ಮುಂದೆ ತಾನೇ ಬಾಯಿಬಿಟ್ಟು ಹೇಳಿಕೊಂಡಿದ್ದಾನೆ. ಹೊವಾರ್ಡ್ ಡಿಜೆ ಆದ, ಮಾರ್ಕ್ ಟಿ.ವಿ.ಯ ‘ಸೆಲೆಬ್ರಿಟಿ ಬಿಗ್ ಬ್ರದರ್’ ಗೆದ್ದ. ಜೇಸನ್ ಸ್ವಲ್ಪ ನಟಿಸಿದ, ಆಮೇಲೆ ಕಾಲೇಜಿಗೆ ಹೋಗಿ ಓದಿದ. ಹುಡುಗಿಯರ ಕಿರುಚಾಟ ಕೇಳಿ ಬಂದವನು ಹಾಜರಿ ಪುಸ್ತಕದಲ್ಲಿ ತನ್ನ ಹೆಸರಿಗೆ ‘ಪ್ರೆಸೆಂಟ್’ ಎಂದು ಹೇಳುವ ದೃಶ್ಯ ನನಗೆ ಬಹಳ ಇಷ್ಟ.

2005ರ ಕೊನೆಯಲ್ಲಿ ಟಿ.ವಿ.ಯಲ್ಲಿ ಅವರ ಬಗ್ಗೆ ಒಂದು ಸಾಕ್ಷ್ಯಚಿತ್ರ ಬಂತು. ಜನಕ್ಕೆ ಹಳೆಯ ಜ್ವರ ಮರುಕಳಿಸಿತು. ರಾಬಿಯನ್ನು ಬಿಟ್ಟು ನಾಲ್ವರು ಮತ್ತೆ ಕೂಡಿದರು, ಈಗ ಹುಡುಗರಲ್ಲ, ಮೂವತ್ತು ದಾಟಿದ ಗಂಡಸರು. 2006ರ ‘ಪೇಷನ್ಸ್’ ಹಾಡು ಮೊದಲ ಸ್ಥಾನಕ್ಕೆ ಹೋಯಿತು, ಹೆಸರೇ ತಾಳ್ಮೆ. ಈ ಸಲ ಹಾಡುಗಳ ಕೆಳಗೆ ನಾಲ್ವರ ಹೆಸರೂ ಇತ್ತು. ಆ ಹಾಡಿದ್ದ ಆಲ್ಬಮ್ಮಿನ ಕೊನೆಯಲ್ಲಿ ‘ವುಡನ್ ಬೋಟ್’ ಎಂಬ ಮೆಲುದನಿಯ ಹಾಡಿದೆ. ಗಿಟಾರಿನೊಂದಿಗೆ ಅದನ್ನು ಹಾಡಿದವನು ಬರೀ ಕುಣಿಯುವವನು. ಕಂಠ ದೊಡ್ಡದಲ್ಲ. ಪರಿಚಯದವರ ಮನೆಯ ಜಗಲಿಯಲ್ಲಿ ಕೂತು, ಒಳಗೆ ಯಾರೋ ಮಲಗಿದ್ದಾರೆಂದು ತಗ್ಗಿಸಿದ ಹಾಗಿದೆ ದನಿ. ನಾನು ಅದನ್ನು ಎಷ್ಟು ಸಲ ಕೇಳಿದ್ದೇನೆಂದು ಮಾತ್ರ ಎಣಿಸಿಲ್ಲ.

2010ರಲ್ಲಿ ರಾಬಿಯೂ ಬಂದ. ಐದು! ಆ ವರ್ಷದ ‘ಪ್ರೋಗ್ರೆಸ್’ ಆಲ್ಬಮ್ ಬ್ರಿಟನ್ನಿನಲ್ಲಿ ಮೊದಲ ವಾರವೇ 5 ಲಕ್ಷ ಪ್ರತಿ ದಾಟಿತು. ಮರುವರ್ಷ ವೆಂಬ್ಲಿ ಕ್ರೀಡಾಂಗಣದಲ್ಲಿ ಎಂಟು ರಾತ್ರಿ ಹಾಡಿದರು. ವೇದಿಕೆಯ ಮೇಲೆ ಒಂದು ದೈತ್ಯ ಯಂತ್ರಮಾನವ ಎದ್ದು ನಿಲ್ಲುತ್ತಿದ್ದ, ಅವನ ಹೆಸರು ‘ಓಂ’. ಅದಕ್ಕೂ ಮೊದಲಿನ ಪ್ರವಾಸದಲ್ಲಿ ಯಂತ್ರದ ಆನೆಯ ಸವಾರಿ ಆಗಿತ್ತು. ಓಂಕಾರವೂ ಆಯಿತು, ಆನೆಯೂ ಆಯಿತು, ಅಂಬಾರಿಯೊಂದು ಬಾಕಿ ಎಂದುಕೊಂಡೆ.

2014ರ ಸೆಪ್ಟೆಂಬರಿನಲ್ಲಿ ಜೇಸನ್ ಬಿಟ್ಟ. ಜಗಳವಿಲ್ಲ, ದೂರಿಲ್ಲ, ಇನ್ನು ಸಾಕು ಎನ್ನಿಸಿತು, ಅಷ್ಟೆ. ಎಲ್ಲರೂ ಬಿಟ್ಟು ಹೋದ ಮೇಲೆ ತಿರುಗಿ ಬಂದಿದ್ದಾರೆ, ಇವನು ಬರಲೇ ಇಲ್ಲ. ಸಂದರ್ಶನವಿಲ್ಲ, ಒಂಟಿ ಆಲ್ಬಮ್ಮಿಲ್ಲ. ರಾಬಿಯೂ ತನ್ನ ದಾರಿ ಹಿಡಿದಿದ್ದ. 2023ರ ಮೇ ತಿಂಗಳಲ್ಲಿ ವಿಂಡ್ಸರ್ ಕೋಟೆಯ ಅಂಗಳದಲ್ಲಿ, ಹೊಸ ದೊರೆಯ ಪಟ್ಟಾಭಿಷೇಕದ ಸಂಗೀತ ಕಛೇರಿಯನ್ನು ಮುಗಿಸಿಕೊಟ್ಟವರು ಉಳಿದ ಮೂವರೇ. ಕೈಗಳು ಮೇಲೆದ್ದವು, ಹೊವಾರ್ಡ್ ಹಾಡಿದ.

ಅಕ್ಕನಿಗೆ ಈಗ ಮದುವೆಯ ವಯಸ್ಸಿನ ಮಗಳಿದ್ದಾಳೆ. ಆ ಕಛೇರಿಯ ವಿಡಿಯೊ ನೋಡಿದ ರಾತ್ರಿ ತಡೆಯಲಾರದೆ ಫೋನ್ ಮಾಡಿದೆ.

“ಜೇಸನ್ ಇಲ್ಲ ಕಣೇ ಅಕ್ಕ, ಬಿಟ್ಟು ಎಷ್ಟೋ ವರ್ಷವಾಯಿತು.”

“ಯಾವ ಜೇಸನ್?”

“ನಿನ್ನ ಬೀರುವಿನಲ್ಲಿದ್ದನಲ್ಲ, ಅಂಚಿನಲ್ಲಿ.”

ಆ ಕಡೆ ಕುಕ್ಕರ್ ಒಂದು ಸೀಟಿ ಹೊಡೆಯಿತು. “ಓ, ಆ ತಂಡವೇ! ಇನ್ನೂ ಇದ್ದಾರೆಯೇ? ಎಷ್ಟು ಜನ ಈಗ?”

“ಮೂವರು.”

“ಮಾರ್ಕ್ ಇದ್ದಾನೆ ತಾನೇ?”

“ಇದ್ದಾನೆ.”

“ಹಾಗಾದರೆ ಸರಿ,” ಎಂದು ಅಕ್ಕ ಒಲೆ ಸಣ್ಣಗೆ ಮಾಡಲು ಹೋದಳು.