ವರ್ತಮಾನದಲ್ಲಿ ಹಾಜರ್, ಸಾರ್!

ನೌಕರರ ಮನಸ್ಸು ಹಗಲುಗನಸು ಕಾಣುತ್ತ ಅಡ್ಡಾಡದಂತೆ ಕಟ್ಟಿಹಾಕಲು ಈಗ ಒಂದು ದಿನದ ಶಿಬಿರ. ‘ವರ್ತಮಾನದಲ್ಲಿ ಬದುಕಿ’ ಅನ್ನುತ್ತಾರೆ ತರಬೇತುದಾರರು. ಬಹಳ ಸಂತೋಷ. ಮನಸ್ಸು ಹೊತ್ತು ಕದಿಯುವ ಲೆಕ್ಕವೂ ಅವರ ಬಳಿ ಸಿದ್ಧ. 2010ರಲ್ಲಿ ಹಾರ್ವರ್ಡ್‌ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳಾದ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ 2,250 ಜನರನ್ನು ಫೋನಿನಲ್ಲಿ ಹೊತ್ತುಗೊತ್ತಿಲ್ಲದೆ ‘ಈಗ ಏನು ಯೋಚಿಸ್ತಿದ್ದೀರಿ?’ ಎಂದು ಕೇಳಿ ಕೇಳಿ, ಮನಸ್ಸು ಶೇ 46.9ರಷ್ಟು ಹೊತ್ತು ಬೇರೆಲ್ಲೋ ಇರುತ್ತದೆ ಎಂದರು. ಅಲೆಯುವ ಮನಸ್ಸಿಗೆ ಸುಖವಿಲ್ಲ ಎಂದೂ ಸೇರಿಸಿದರು. (ಮನಸ್ಸಿನ ಮಂಡಿಗೆ ಬಾಯಿಗಿಡುವ ಹೊತ್ತಿಗೇ ಫೋನ್ ಕಿರುಚಿದರೆ ಯಾರು ತಾನೆ ಸುಖ ಅಂದಾರು?)

ಇನ್ನೊಂದು ತೊಡಕಿದೆ. ಸುಮ್ಮನೆ ಕೂತಾಗಲೂ ದುಡಿಯುವ ಮಿದುಳಿನ ಈ ಚಾಳಿಗೆ ನರವಿಜ್ಞಾನಿ ಮಾರ್ಕಸ್ ರೈಕಲ್ ತಂಡ 2001ರಲ್ಲಿ ‘ಡೀಫಾಲ್ಟ್ ಮೋಡ್’ ಎಂದು ಹೆಸರಿಟ್ಟಿತು. ತಾನಾಗಿಯೇ ಚಾಲೂ ಆಗುವ ಈ ಸೆಟ್ಟಿಂಗನ್ನು ಶಿಬಿರದವರು ಊಟದ ಬಿಡುವಿನೊಳಗೆ ಬದಲಿಸುತ್ತಾರಂತೆ!

ಅಷ್ಟಕ್ಕೂ ಹಗಲುಗನಸಿನಲ್ಲಿ ನಾವು ಕಾಣುವುದಾದರೂ ಏನು? ಬೈಸಿಕೊಂಡು ಬಂದ ಮೂರು ದಿನಕ್ಕೆ, ಸ್ನಾನದ ಮನೆಯಲ್ಲಿ, ಆ ಬೈದವನಿಗೆ ಎಂಥ ಉತ್ತರ ಕೊಡುತ್ತೇವೆ! ಅವನು ತಡವರಿಸುತ್ತಾನೆ, ಸುತ್ತಲಿನವರು ಚಪ್ಪಾಳೆ ತಟ್ಟುತ್ತಾರೆ. ತೃಪ್ತಿಯಾಗದಿದ್ದರೆ ‘ಇನ್ನೊಮ್ಮೆ’ ಅಂತ ಮೊದಲಿಂದ ಬೈಸಿಕೊಳ್ಳುತ್ತೇವೆ. ನಮ್ಮ ಸಾವನ್ನೂ ಬಿಟ್ಟಿಲ್ಲ: ಯಾರು ಹೆಚ್ಚು ಅತ್ತರು, ಯಾರು ನಾಟಕದ ಕಣ್ಣೀರು ಹಾಕಿದರು ಎಂದು ಮಲಗಿದಲ್ಲೇ ಹಾಜರಿ ಹಾಕುತ್ತೇವೆ. ಖರ್ಚಿಲ್ಲ, ಅಪ್ಪಣೆ ಬೇಕಿಲ್ಲ, ಸೋಲಂತೂ ಇಲ್ಲವೇ ಇಲ್ಲ. ಇಷ್ಟು ಅಗ್ಗದ ಸುಖ ಇನ್ನೆಲ್ಲಿದೆ?

ಅದೇ ಶಿಬಿರದ ಮಧ್ಯಾಹ್ನದ ಪಾಠ: ‘ಕಣ್ಣು ಮುಚ್ಚಿ, ಗೆದ್ದೇಬಿಟ್ಟಿದ್ದೀರಿ ಎಂದು ಕಲ್ಪಿಸಿಕೊಳ್ಳಿ.’ ಬೆಳಿಗ್ಗೆ ಇದೇ ರೋಗವಾಗಿತ್ತಲ್ಲ ಸ್ವಾಮಿ? ಹಾಗೆ ಗೆದ್ದಂತೆ ಕಲ್ಪಿಸಿಕೊಂಡವರ ಹುರುಪು ಏರುವ ಬದಲು ಇಳಿಯುತ್ತದೆ ಎಂದು ಮನೋವಿಜ್ಞಾನಿಗಳಾದ ಕಾಪ್ಪೆಸ್ ಮತ್ತು ಒಟ್ಟಿಂಗೆನ್ 2011ರಲ್ಲೇ ತೋರಿಸಿದ್ದರು. ಇರಲಿ, ಶುಲ್ಕ ಕಟ್ಟಿ ಕಂಡದ್ದು ಹಗಲುಗನಸಲ್ಲ. ಸಾಹೇಬರು ಪರದೆಯ ಮೇಲೆ ಬಾಣ ಏರಿಸಿ ಹತ್ತು ವರ್ಷದಾಚೆಯ ಗಾಳಿಗೋಪುರ ಕಟ್ಟಿದರೆ ಅದು ‘ವಿಷನ್’. ಅದನ್ನು ನೋಡುತ್ತ ನಾನು ಕಿಟಕಿಯಾಚೆ ಹೋದರೆ ಅಶಿಸ್ತು.

ನಗು ಸಾಕು. ಬೆಳಿಗ್ಗೆಯಿಂದ ಸಂಜೆವರೆಗೆ ಮೈಯನ್ನು ಕುರ್ಚಿಗೆ ಕೊಟ್ಟಾಯಿತು, ಕಣ್ಣನ್ನು ಪರದೆಗೆ ಕೊಟ್ಟಾಯಿತು, ಲಿಫ್ಟಿಗೆ ಕಾಯುವ ಎರಡು ನಿಮಿಷವನ್ನೂ ಫೋನ್ ನುಂಗಿತು. ತಲೆಯೊಳಗೆ ಉಳಿದಿರುವ ಆ ಒಂದು ಮೂಲೆಗೂ ಕೈ ಹಾಕುತ್ತೀರಲ್ಲ, ನಾಚಿಕೆಯಾಗುವುದಿಲ್ಲವೇ?

ಇದನ್ನು ಅಲ್ಲೇ ಎದ್ದು ನಿಂತು ಹೇಳಿದೆ. ಸಾಹೇಬರು ತಡವರಿಸಿದರು. ಚಪ್ಪಾಳೆಯೂ ಬಿತ್ತು. ಅಷ್ಟರಲ್ಲಿ ಪಕ್ಕದವರು ಮೊಣಕೈಯಿಂದ ತಿವಿದು, ‘ಸಾಹೇಬ್ರು ನಿಮ್ಮನ್ನೇ ಕೇಳ್ತಿದ್ದಾರೆ’ ಎಂದರು. ಏನು ಕೇಳಿದರೋ, ‘ಖಂಡಿತ ಸಾರ್’ ಎಂದೆ. ಮುಂದಿನ ಶಿಬಿರದ ಉಸ್ತುವಾರಿ ನನ್ನದಂತೆ.