ಓಟಿ ಅಂದರೆ ಆಪರೇಷನ್ ಅಲ್ಲ ಅತ್ತೆ

"ಇವನನ್ನು ಓಟಿಗೆ ಕರೆದುಕೊಂಡು ಹೋಗಬೇಕಂತೆ" ಅಂದದ್ದೇ ತಡ, ಕಾಯಿ ತುರಿಯುತ್ತಿದ್ದ ಅತ್ತೆಯ ಕೈ ನಿಂತಿತು. "ಅಯ್ಯೋ ದೇವರೇ, ಆಪರೇಷನ್ ಎಂತಕ್ಕೆ ಮಾರಾಯ್ತಿ?" ಅದು ಆಪರೇಷನ್ ಥಿಯೇಟರ್ ಅಲ್ಲ, ಆಕ್ಯುಪೇಷನಲ್ ಥೆರಪಿ, ಉಣ್ಣುವುದು, ಬಟ್ಟೆ ಹಾಕುವುದು, ಬರೆಯುವುದು ಇಂಥ ದಿನದ ಕೆಲಸಗಳನ್ನು ಅಭ್ಯಾಸ ಮಾಡಿಸುವ ಚಿಕಿತ್ಸೆ ಅಂತ ಬಿಡಿಸಿ ಹೇಳುವಷ್ಟರಲ್ಲಿ ಅವರ ಕಣ್ಣಲ್ಲಿ ನೀರು, ನನಗೆ ನಗು.

ಮಗನಿಗೆ ಎಂಟು ವರ್ಷ. ಮಾತಿನಲ್ಲಿ ಮಹಾ ಚುರುಕು. ಉಡುಪಿಯಿಂದ ಕುಂದಾಪುರದವರೆಗಿನ ಬಸ್ ಸ್ಟಾಪ್‌ಗಳನ್ನೆಲ್ಲ ಸಾಲಾಗಿ ಹೇಳುತ್ತಾನೆ. ಅಂಗಿಯ ಗುಂಡಿ ಹಾಕಲು ಮಾತ್ರ ಬರುವುದಿಲ್ಲ. ಗಂಜಿ ಅರ್ಧ ಬಾಯಿಗೆ, ಅರ್ಧ ಅಂಗಿಗೆ. ಮಳೆಗಾಲದಲ್ಲಂತೂ ಕೇಳಬೇಡಿ. ಕೊಡೆ ಮಡಚಿ, ಪಟ್ಟಿ ಸುತ್ತಿ, ಕೊನೆಗೆ ಆ ಪುಟ್ಟ ಪ್ರೆಸ್ ಬಟನ್ ಒತ್ತಬೇಕಲ್ಲ? ಅಷ್ಟರಲ್ಲಿ ಅವನ ಎರಡು ಕೈಗೂ ಜಗಳ. ಬಟನ್ ಹುಡುಕುವಾಗ ಪಟ್ಟಿ ಜಾರುತ್ತದೆ, ಪಟ್ಟಿ ಹಿಡಿದರೆ ಕೊಡೆ ಬಿಚ್ಚಿಕೊಳ್ಳುತ್ತದೆ. ಹಿಂದೆ ಬಂದ ಮಕ್ಕಳೆಲ್ಲ ಕ್ಲಾಸಿಗೆ ಹೋಗಿ ಆಯಿತು, ಇವನು ಇನ್ನೂ ಜಗಲಿಯಲ್ಲಿ. ಕೊನೆಗೆ ಕೊಡೆಯನ್ನು ಮೂಲೆಗೆ ಎಸೆದು ಓಡುತ್ತಾನೆ. ಅದಕ್ಕೆ ಬೈಗುಳ ಬೇರೆ.

ಶಾಲೆಯಲ್ಲಿ ಎರಡು ವರ್ಷ ಒಂದೇ ಮಾತು. "ಬುದ್ಧಿ ಉಂಟು, ಉದಾಸೀನ ಜಾಸ್ತಿ. ಕಾಪಿ ಬರೆಸಿ." ನಾನೂ ಬರೆಸಿದೆ, ದಿನಕ್ಕೆ ಎರಡು ಪುಟ. ಒತ್ತಿ ಒತ್ತಿ ಬರೆದು ಕಾಗದ ತೂತು. ಬೆರಳು ನೋವು ಅಂತ ಅತ್ತರೆ ನಾಟಕ ಮಾಡಬೇಡ ಅಂದೆ. ಇದನ್ನು ಬರೆಯುವಾಗ ನಾಚಿಕೆ ಆಗುತ್ತದೆ, ಇರಲಿ.

ಮೊದಲು ಮಕ್ಕಳ ಡಾಕ್ಟರ್ ನೋಡಿದರು. ನರ, ಸ್ನಾಯು, ಕಣ್ಣಿನ ತೊಂದರೆ ಅಲ್ಲ ಅಂತ ಖಾತ್ರಿ ಆಯಿತು. ಆಮೇಲೆ ಮಣಿಪಾಲದಲ್ಲಿ ಓಟಿಯವರ ಪರೀಕ್ಷೆ. ಸೂಜಿ ಇಲ್ಲ, ಸ್ಕ್ಯಾನ್ ಇಲ್ಲ. ಹಲಗೆಯ ತೂತಿಗೆ ಕಡ್ಡಿ ಸಿಕ್ಕಿಸು, ದಾರ ಪೋಣಿಸು, ಎರಡು ಗೆರೆಗಳ ನಡುವೆ ಪೆನ್ಸಿಲ್ ಎಳೆ, ಚೆಂಡು ಹಿಡಿ, ಒಂಟಿ ಕಾಲಲ್ಲಿ ನಿಲ್ಲು. ಅದೇ ವಯಸ್ಸಿನ ಮಕ್ಕಳ ಜೊತೆ ಹೋಲಿಸಿ ಅಂಕ ಹಾಕುತ್ತಾರೆ. ಮನೆಯಲ್ಲಿ ಹೇಗೆ ಉಣ್ಣುತ್ತಾನೆ, ಹೇಗೆ ಬಟ್ಟೆ ಹಾಕುತ್ತಾನೆ ಅಂತ ನನ್ನನ್ನೂ ಕೇಳಿದರು. ಕೊನೆಗೆ ಸಿಕ್ಕ ಹೆಸರು ಡೆವಲಪ್‌ಮೆಂಟಲ್ ಕೋಆರ್ಡಿನೇಷನ್ ಡಿಸಾರ್ಡರ್, ಅಂದರೆ ಕೈಕಾಲುಗಳ ಹೊಂದಾಣಿಕೆ ವಯಸ್ಸಿಗೆ ತಕ್ಕಷ್ಟು ಬಾರದಿರುವುದು. ಕೆಲವರು ಡಿಸ್ಪ್ರಾಕ್ಸಿಯಾ ಅನ್ನುತ್ತಾರೆ. ಶಾಲೆಗೆ ಹೋಗುವ 100 ಮಕ್ಕಳಲ್ಲಿ ಸುಮಾರು 5-6 ಮಂದಿಗೆ ಇರುತ್ತದಂತೆ. 40 ಮಕ್ಕಳ ಕ್ಲಾಸಿನಲ್ಲಿ ಇಬ್ಬರು! ಬುದ್ಧಿಗೂ ಇದಕ್ಕೂ ಸಂಬಂಧ ಇಲ್ಲ.

"ಸುಮ್ನೆ ಮಗುವಿಗೆ ಒಂದು ರೋಗದ ಹೆಸರು ಅಂಟಿಸಿದೆಯಲ್ಲ" ಅಂದರು ನೆಂಟರೊಬ್ಬರು. ಎರಡು ವರ್ಷದಿಂದ 'ಉದಾಸೀನ' ಅಂತ ಅಂಟಿಸಿದ್ದರಲ್ಲ, ಅದು ಹೆಸರಲ್ವಾ? ಈ ಹೊಸ ಹೆಸರಿನಿಂದ ಕಾಪಿ ಬರೆಯುವುದಾದರೂ ನಿಂತಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೂ ಕಲಿಕಾ ತೊಂದರೆಗಳ ಜೊತೆ ಡಿಸ್ಪ್ರಾಕ್ಸಿಯಾ ಉಂಟು. ಶಾಲೆಯಲ್ಲಿ ಮಾತಾಡುವಾಗ ಇದು ಗೊತ್ತಿದ್ದರೆ ಧ್ವನಿ ಸ್ವಲ್ಪ ಗಟ್ಟಿಯಾಗುತ್ತದೆ.

ಖಾಸಗಿ ಖರ್ಚು ಎಲ್ಲರಿಗೂ ಆಗುವುದಿಲ್ಲ, ಗೊತ್ತು. ಸರಕಾರಿ, ಅನುದಾನಿತ ಶಾಲೆಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ತಪಾಸಣೆಗೆ ಬರುತ್ತದೆ. ಬರೀ ಹಲ್ಲು, ಕಣ್ಣು ನೋಡಿಸಿ ಸುಮ್ಮನಾಗಬೇಡಿ. ಗುಂಡಿ, ಚಮಚ, ಪೆನ್ಸಿಲ್ ವಿಷಯವನ್ನೂ ಟೀಚರ್ ಹತ್ತಿರ ಹೇಳಿಸಿ.

ಈಗ ಮನೆಯಲ್ಲಿ ಕೊಡೆ ಪಾಠ ನಡೆಯುತ್ತಿದೆ, ಒಂದೊಂದೇ ಹಂತ. ಮಡಚುವುದು ಬಂತು, ಸುತ್ತುವುದು ಸುಮಾರು ಬಂತು, ಬಟನ್ ಇನ್ನೂ ಇಲ್ಲ. ಮೊನ್ನೆ ಅತ್ತೆ ಏನೂ ಹೇಳದೆ ಬಟನ್ ಕಿತ್ತು, ಪಟ್ಟಿಗೆ ವೆಲ್ಕ್ರೋ ಹೊಲಿದು ಕೊಟ್ಟರು.